ನಡುಗೋಡೆ ದಾಟಿ ಬಂದ ತೂಕ

ಒಂದು ಸೋಮವಾರ ಬೆಳಗ್ಗೆ ನನ್ನ ರವಿಕೆಯ ಕೆಳಗಿನ ಎರಡು ಹುಕ್ಕು ಕೂಡಲಿಲ್ಲ. ಉಸಿರು ಬಿಗಿಹಿಡಿದು ಎಳೆದೆ. ಒಂದು ಕೂಡಿತು, ಇನ್ನೊಂದು ಕಿತ್ತುಕೊಂಡು ಹಾರಿ ಒಲೆಯ ಹಿಂದೆ ಬಿತ್ತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ನನಗೆ ವಿಷಯ ಅರ್ಥವಾಗಿತ್ತು. ಪಕ್ಕದ ಮನೆಯ ದೇವೀರಿ ನನ್ನನ್ನು ಕೇಳದೆ ಮೈ ಇಳಿಸುತ್ತಿದ್ದಾಳೆ.

ನಮ್ಮೂರಲ್ಲಿ ಮನೆಗಳೆಲ್ಲ ಜೋಡಿ. ಎರಡು ಮನೆಗೆ ಒಂದೇ ನಡುಗೋಡೆ. ಒಂದು ಮನೆಯವರ ಮೈಯಿಂದ ಇಳಿದ ತೂಕ ಬೇರೆಲ್ಲೂ ಹೋಗುವುದಿಲ್ಲ, ಆ ಗೋಡೆ ದಾಟಿ ಆಚೆ ಮನೆಗೆ ಹೋಗುತ್ತದೆ. ಆಚೆ ಮನೆಯಲ್ಲೂ ಎಲ್ಲರಿಗೂ ಹಂಚಿಕೆಯಾಗುವುದಿಲ್ಲ, ಬೆಳಗ್ಗೆ ಎದ್ದು ಒಲೆ ಹಚ್ಚುವವರ ಮೈಗೆ ಮಾತ್ರ. ನಮ್ಮೂರಿನ ಗಂಡಸರು ಒಲೆಯ ಹತ್ತಿರ ಯಾಕೆ ಸುಳಿಯುವುದಿಲ್ಲ ಎಂದು ಇನ್ನು ನೀವು ಕೇಳಬೇಕಾಗಿಲ್ಲ. ಗಾರೆ ಕೆಲಸದ ತೋಪಯ್ಯನ ಹೆಂಡತಿ ಒಂದು ಸಲ ಬೇಸತ್ತು ಗಂಡನ ಕೈಗೆ ಬೆಂಕಿಪೆಟ್ಟಿಗೆ ಕೊಟ್ಟು ತವರಿಗೆ ಹೊರಟುಹೋದಳು. ಅವರ ಗೋಡೆಯಾಚೆ ಬಾಣಂತನ ಮುಗಿಸಿದ ಸೊಸೆಯೊಬ್ಬಳು ಮೈ ಇಳಿಸುತ್ತಿದ್ದ ಕಾಲ. ಎರಡು ತಿಂಗಳಲ್ಲಿ ತೋಪಯ್ಯ ಸಾರುವೆ ಏರಲಾರದಂತಾದ, ಮೂರು ಕಟ್ಟಡ ಅರ್ಧಕ್ಕೆ ನಿಂತವು.

ಆದ್ದರಿಂದ ಇಲ್ಲಿ ತೂಕ ಇಳಿಸುವವರು ಮೊದಲು ಕೇಳಬೇಕು. ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ತೆಂಗಿನಕಾಯಿ, ಒಂದು ಹಿಡಿ ಉಪ್ಪು ಇಟ್ಟುಕೊಂಡು ಗೋಡೆಯಾಚೆಯವರ ಬಾಗಿಲಲ್ಲಿ ನಿಂತು “ಜಾಗ ಇದ್ಯಾ?” ಎನ್ನಬೇಕು. ಅವರು “ಜಾಗ ಇದೆ” ಎಂದು ತಟ್ಟೆ ಈಸಿಕೊಂಡರೆ ಸರಿ. “ಈ ಸಲ ತುಂಬಿದೆ ಕಣಮ್ಮ” ಎಂದುಬಿಟ್ಟರೆ ಮನೆಗೆ ವಾಪಸು ಹೋಗಿ ಹೊಟ್ಟೆ ತುಂಬ ಉಣ್ಣುವುದಷ್ಟೇ. ಕಾಯಿಲೆಯಲ್ಲಿ ಇಳಿಯುವ ತೂಕಕ್ಕೆ ಮಾತ್ರ ಮೊದಲು ಕೇಳುವುದಿಲ್ಲ. ಆದರೆ ಕಾಯಿಲೆ ಮುಗಿದ ಮೇಲೆ, ಅದು ಹೇಗೇ ಮುಗಿದಿರಲಿ, ಅದೇ ತಟ್ಟೆ ಹಿಡಿದು ಹೋಗಿ “ನಮ್ಮ ಭಾರ ಹೊತ್ತಿರಿ” ಎಂದು ಒಂದು ಮಾತು ಹೇಳಿ ಬರಬೇಕು. ಸತ್ತಾಗ ಮೈಯಲ್ಲಿ ಉಳಿದಿದ್ದ ತೂಕ ಮಣ್ಣಿನದು, ಅದರಲ್ಲಿ ಯಾರಿಗೂ ಪಾಲಿಲ್ಲ.

ದೇವೀರಿ ಎಂದರೆ ದೇವೀರಮ್ಮ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಹೊಂಬಾಳಯ್ಯ ಮದುವೆ ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಾನೆ. ಐವತ್ತು ದಾಟಿದ ಮೇಲೆ ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆವು. ಅವಳು ನನ್ನ ಸ್ಲೇಟು ನೋಡಿಕೊಂಡು ಬರೆಯುತ್ತಿದ್ದಳು. ನಾನು ಆಗಾಗ ಬೇಕೆಂದೇ ತಪ್ಪು ಬರೆಯುತ್ತಿದ್ದೆ. ಮೇಷ್ಟ್ರು ಅವಳನ್ನು ಬೈಯುವಾಗ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ಅಷ್ಟು ಸಲಿಗೆ ನಮ್ಮದು. ಅಂಥವಳು ಕೇಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಹಿಂದಿನ ಒಂದೂವರೆ ತಿಂಗಳನ್ನು ಕೂತು ನೆನೆದುಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ ಗೋಡೆಯಾಚೆಯಿಂದ ಕೇಳುತ್ತಿದ್ದ ಮುದ್ದೆ ಕೋಲಿನ ಸದ್ದು ನಿಂತುಹೋಗಿತ್ತು. ಅವರ ಹಿತ್ತಲ ಗುಂಡಿಯಲ್ಲಿ ಮೊಟ್ಟೆ ಸಿಪ್ಪೆ ರಾಶಿ ಬೀಳುತ್ತಿತ್ತು. ಬಾಗಿಲ ಮುಂದಿನ ರಂಗೋಲಿ ಸೊಟ್ಟಗಾಗಿತ್ತು. ಚುಕ್ಕಿ ಒಂದು ಕಡೆ, ಗೆರೆ ಒಂದು ಕಡೆ. ಉಣ್ಣದೆ ಕೈ ನಡುಗುತ್ತಿರಬೇಕು ಎಂದುಕೊಂಡು ನಕ್ಕಿದ್ದೆ. ಇನ್ನೊಂದು ಸಂಗತಿಯೂ ಇತ್ತು. ಸಂಜೆ ನಾಲ್ಕಾದರೆ ನನಗೆ ಹುರಿಗಡಲೆ, ಬೆಲ್ಲ ಬೇಕೆನ್ನಿಸುತ್ತಿತ್ತು. ಜನ್ಮದಲ್ಲಿ ನಾನು ಹುರಿಗಡಲೆ ಮುಟ್ಟಿದವಳಲ್ಲ. ಅದರ ಕಾರಣವೂ ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಡಬ್ಬಿ ತುಂಬಿಸಿ ಇಟ್ಟುಕೊಂಡೆ.

ಅದೇ ದಿನ ಅವರ ಹಿತ್ತಲಿನಿಂದ ನಮ್ಮ ಹಿತ್ತಲಿಗೆ ಒಂದು ಕಾಗದ ಹಾರಿ ಬಂತು. ನಮ್ಮೂರಿಗೆ ಹೊಸದಾಗಿ ಬಂದ ಡಾಕ್ಟರ್ ಇಂಚರಾ ಅಚ್ಚು ಹಾಕಿಸಿ ಹಂಚುವ ಕಾಗದ. ಆಕೆ ಹೊರಗಿನ ಊರಿನವಳು. ಗೋಡೆಯ ವಿಷಯ ಯಾರೋ ಹೇಳಿದ್ದಕ್ಕೆ “ಮೂಢನಂಬಿಕೆ” ಎಂದು ಗದರಿದ್ದಳಂತೆ. ಕಾಗದದ ಎಡಗಡೆ “ಬಿಡಬೇಕಾದ್ದು” ಎಂದಿತ್ತು: ಅನ್ನ, ಮುದ್ದೆ, ಚಪಾತಿ, ಅವಲಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಬೆಲ್ಲ, ಸಕ್ಕರೆ. ಇವುಗಳಲ್ಲೆಲ್ಲ ಕಾರ್ಬು ಇದೆಯಂತೆ. ಬಲಗಡೆ “ತಿನ್ನಬಹುದಾದ್ದು” ಎಂದಿತ್ತು: ಮೊಟ್ಟೆ, ಮೀನು, ಸೊಪ್ಪು, ಹೀರೇಕಾಯಿ, ಹೂಕೋಸು, ಪನೀರು, ಕಡಲೆಕಾಯಿ ಬೀಜ ಒಂದು ಹಿಡಿ. ಕೆಳಗೆ ದಪ್ಪ ಅಕ್ಷರದಲ್ಲಿ, “ಮನಸ್ಸು ಗಟ್ಟಿ ಇರಲಿ.”

ಎರಡು ಸಲ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೇವೀರಿಯ ಬಾಗಿಲಿಗೆ ಹೋದೆ. ಅವಳು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಎದ್ದು ಬರಲಿಲ್ಲ.

“ಏನೇ ದೇವಿ, ಮುಖ ಸಣ್ಣಗಾಗಿದೆ?”

“ಹೌದಾ ನಿಂಗಕ್ಕ? ಸೆಕೆ ನೋಡು, ಅದಕ್ಕೇ ಇರಬೇಕು.”

“ಸೆಕೆಗೆ ಕುತ್ತಿಗೆಯಲ್ಲಿ ಒಂದು ಮಡಿಕೆ ಹೋಗ್ತದಾ?”

“ಹೋಗ್ತದೆ ಅಂತಾರಪ್ಪ.” ಅವಳು ನನ್ನ ರವಿಕೆಯ ಕಡೆ ನೋಡಿ ತಟ್ಟನೆ ಕಣ್ಣು ತಿರುಗಿಸಿದಳು. “ನೀನೇ ಒಂಚೂರು ತುಂಬಿಕೊಂಡಿದ್ದೀಯ ಅಕ್ಕ. ಚೆನ್ನಾಗಿ ಕಾಣ್ತೀಯ.”

“ನಾನೇನು ಮಾಡಿದ್ನೋ ತಾಯಿ, ಗಾಳಿ ಕುಡಿದ್ರೂ ಹತ್ತುತ್ತೆ ಈಗ,” ಎಂದೆ.

ಆಗಲಾದರೂ ಕೇಳಲಿ ಎಂದು ಸ್ವಲ್ಪ ಹೊತ್ತು ನಿಂತೆ. ಅವಳು ಚಾವಣಿ ನೋಡಿದಳು. ನಾನು ಜಗಳಗಂಟಿಯಲ್ಲ. ತಾಳ್ಮೆಯಿಂದ ಎಂತೆಂಥದನ್ನೋ ದಾಟಿದ್ದೇನೆ. ಮನೆಗೆ ಬಂದು ಕಾಗದವನ್ನು ಎಡಗಡೆಯ ಪಟ್ಟಿ ಮಾತ್ರ ಕಾಣುವ ಹಾಗೆ ಮಡಚಿ, ಒಲೆಯ ಮೇಲೆ ಮೊಳೆಗೆ ಚುಚ್ಚಿದೆ. ಮೇಲಿನಿಂದ ಒಂದೊಂದಾಗಿ ಮಾಡುತ್ತ ಬಂದೆ.

ಮೊದಲನೆಯ ದಿನ ಅನ್ನ. ಬರೀ ಅನ್ನ ಕಳಿಸಿದರೆ ತಿನ್ನುವಳೇ? ನಿಂಬೆಹಣ್ಣಿನ ಚಿತ್ರಾನ್ನ ಮಾಡಿ, ಮೇಲೆ ಹುರಿದ ಕಡಲೆಕಾಯಿ ಬೀಜ ಉದುರಿಸಿ, ಬಿಸಿ ಬಿಸಿ ಪಾತ್ರೆಯನ್ನು ಹೊಂಬಾಳಯ್ಯನ ಕೈಗೆ ಕೊಟ್ಟೆ. ಎರಡನೆಯ ದಿನ ಮುದ್ದೆ, ಅದಕ್ಕೆ ಹುರುಳಿಕಾಳು ಸಾರು. ಮೂರನೆಯ ದಿನ ಚಪಾತಿಯ ಬದಲು ಒಬ್ಬಟ್ಟು, ಗೋಧಿಯೂ ಆಯಿತು ಬೆಲ್ಲವೂ ಆಯಿತು ಎಂದು. ನಡುಗೋಡೆಯಲ್ಲಿ ದೀಪದ ಗೂಡಿನ ಹತ್ತಿರ ಒಂದು ಬಿರುಕಿದೆ. ಒಬ್ಬಟ್ಟು ಬೇಯಿಸುವಾಗ ಕಾವಲಿಯನ್ನು ಆ ಬಿರುಕಿನ ಕೆಳಗೇ ಇಟ್ಟುಕೊಂಡು, ತುಪ್ಪವನ್ನು ಸ್ವಲ್ಪ ಕೈ ಬಿಚ್ಚಿಯೇ ಹಾಕಿದೆ. ಆಚೆಯಿಂದ ಮೊದಲು ಒಂದು ನಿಟ್ಟುಸಿರು ಕೇಳಿತು. ಆಮೇಲೆ ದೇವೀರಿಯ ದನಿ.

“ರೀ, ನಿಂಗಕ್ಕನ ಮನೇಲಿ ಏನೋ ಹಬ್ಬ ಇರಬೇಕು. ಬೇಡ ಅಂದ್ರೆ ಬೇಜಾರು ಮಾಡ್ಕೋತಾಳೆ. ಒಂದೇ ಒಂದು ಈಸ್ಕೊಂಡು ಬನ್ನಿ.”

ಒಂದೇ ಒಂದು ಈಸಿಕೊಂಡು ಹೋಗಲು ಹೊಂಬಾಳಯ್ಯ ಆ ದಿನ ನಾಲ್ಕು ಸಲ ಬಂದ.

ಹೀಗೆ ಮೂರು ವಾರ ನಡೆಯಿತು. ನನ್ನ ರವಿಕೆ ಅಲ್ಲಿಗೇ ನಿಂತಿತು, ಹೆಚ್ಚು ಬಿಗಿಯಾಗಲಿಲ್ಲ. ದೇವೀರಿಯ ಕುತ್ತಿಗೆಯ ಮಡಿಕೆ ವಾಪಸು ಬಂತು. ಬಾಯಿ ಬಿಟ್ಟು ಕೇಳುವ ತನಕ ಪಟ್ಟಿಯನ್ನು ಮತ್ತೆ ಮೇಲಿನಿಂದ ಶುರುಮಾಡುವುದೆಂದು ನಾನು ತೀರ್ಮಾನಿಸಿದ್ದೆ. ಬಾಳೆಹಣ್ಣಿನ ರಸಾಯನ ಕಲಸುತ್ತಿದ್ದಾಗ ಡಾಕ್ಟರ್ ಇಂಚರಾ ಚಪ್ಪಲಿ ಕೂಡ ಬಿಡದೆ ಒಳಗೆ ಬಂದಳು.

“ದೇವೀರಮ್ಮನಿಗೆ ಒಬ್ಬಟ್ಟು ಕೊಡ್ತಿರೋದು ನೀವೇನಾ?”

“ಒಬ್ಬಟ್ಟು ಮುಗೀತು. ಈಗ ರಸಾಯನ. ಒಂಚೂರು ತಗೋತೀಯೇನಮ್ಮ?”

“ತಮಾಷೆ ಮಾಡಬೇಡಿ ಅಜ್ಜಿ! ಆಕೆಯ ಎರಡೂ ಮಂಡಿ ಸವೆದುಹೋಗಿದೆ ಗೊತ್ತಾ ನಿಮಗೆ? ಆಪರೇಷನ್ ಮಾಡೋ ಡಾಕ್ಟರು ದೀಪಾವಳಿ ಆದ ಮೇಲೆ ಬರ್ತಾರೆ. ಅವರು ಈ ಕಡೆ ಬರೋದು ವರ್ಷಕ್ಕೆ ಒಂದೇ ಸಲ. ಅಷ್ಟರಲ್ಲಿ ಹನ್ನೆರಡು ಕೆಜಿ ಇಳಿದಿರಬೇಕು ಅಂದಿದ್ದಾರೆ. ಕಷ್ಟಪಟ್ಟು ನಾಲ್ಕು ಇಳಿಸಿದ್ರು. ನಿಮ್ಮ ಉಪಚಾರದಿಂದ ಎರಡು ವಾಪಸ್ ಬಂದಿದೆ. ಇನ್ನು ಉಳಿದಿರೋದು ಹನ್ನೊಂದು ವಾರ.”

ಸೌಟು ಕೆಳಗಿಟ್ಟೆ. “ಮಂಡಿ ನೋವು ಅಂದ್ಲು, ಎಲ್ಲರಿಗೂ ಇರೋದೇ ಅಂತ...”

“ಬಚ್ಚಲಿಗೆ ಕೂತುಕೊಂಡೇ ತೆವಳಿಕೊಂಡು ಹೋಗ್ತಾರೆ. ನೋಡಿಲ್ವಾ? ಒಂದೇ ಗೋಡೆ ನಿಮಗೆ. ಬಾಗಿಲಿಗೆ ರಂಗೋಲಿ ಕೂಡ ಅವರ ಯಜಮಾನರೇ ಹಾಕ್ತಾರಂತೆ, ನೀವು ನೋಡಬಾರದು ಅಂತ ಬೆಳಕು ಹರಿಯೋಕೆ ಮುಂಚೆ.”

ಡೋಲು ಬಾರಿಸುವ ಕೈ, ಪಾಪ. ಗೆರೆ ಸೊಟ್ಟಗಾಗದೆ ಇನ್ನೇನಾದೀತು. ನಾನು ಆ ರಂಗೋಲಿ ನೋಡಿ ಎಷ್ಟು ಬೆಳಗು ನಕ್ಕಿದ್ದೆನೋ ಲೆಕ್ಕವಿಲ್ಲ.

ಡಾಕ್ಟರ್ ಹೋದ ಮೇಲೆ ರಸಾಯನವನ್ನು ಮುಚ್ಚಿಟ್ಟು, ನನ್ನವರ ಮಂಚದ ಮೇಲೆ ಕೂತೆ. ಇಲ್ಲಿ ಒಂದು ಸಂಗತಿ ಹೇಳಬೇಕು. ನನ್ನ ಯಜಮಾನರು, ಕಾಳಪ್ಪನವರು, ದೊಡ್ಡ ಆಳು. ಅವರು ಕೂತರೆ ಈ ಮಂಚ ಕಿರ್ರೆಂದು ಬೀದಿಗೆ ಕೇಳುತ್ತಿತ್ತು. ಸಂಜೆ ನಾಲ್ಕಾದರೆ ಅವರಿಗೆ ಹುರಿಗಡಲೆ, ಬೆಲ್ಲ ಬೇಕೇ ಬೇಕಿತ್ತು. ಒಂಬತ್ತು ವರ್ಷದ ಹಿಂದೆ ಮಲಗಿದವರು ಹದಿನಾಲ್ಕು ತಿಂಗಳು ಏಳಲಿಲ್ಲ. ತಿಂಗಳು ತಿಂಗಳಿಗೂ ಕರಗಿದರು. ಹೋಗುವ ಹೊತ್ತಿಗೆ ಇಪ್ಪತ್ತೆರಡು ಕೆಜಿ ಇಳಿದಿದ್ದರು. ಆ ಇಪ್ಪತ್ತೆರಡೂ ಗೋಡೆ ದಾಟಿ ದೇವೀರಿಯ ಮೈ ಸೇರಿತ್ತು. ಅವಳು ಒಂದು ದಿನ ಮುಖ ಸಿಂಡರಿಸಲಿಲ್ಲ. ಆ ಹದಿನಾಲ್ಕು ತಿಂಗಳು ತನ್ನ ಗಂಡನ ಕೈಗೆ ಒಮ್ಮೆಯೂ ಬೆಂಕಿಪೆಟ್ಟಿಗೆ ಕೊಡಲಿಲ್ಲ. ನಾನು ತಟ್ಟೆ ಹಿಡಿದು ಹೋಗಿ “ನಮ್ಮ ಭಾರ ಹೊತ್ತೆ” ಎನ್ನಬೇಕಿತ್ತು. ಹೋಗಲಿಲ್ಲ. ಮೊದಲು ಸೂತಕ ಎಂದುಕೊಂಡೆ. ಆಮೇಲೆ ತಿಥಿ ಕಳೆಯಲಿ ಎಂದುಕೊಂಡೆ. ಆ ಮಾತು ಆಡಿದರೆ ಅವರು ನಿಜವಾಗಿಯೂ ಹೋದಂತಾಗುತ್ತದೆ ಎಂಬ ಭಯವೂ ಇತ್ತು. ಅವಳು ಬೀದಿಯಲ್ಲಿ ಏದುಸಿರು ಬಿಡುತ್ತ ನಡೆಯುವುದನ್ನು ನೋಡಿದರೆ, ನಾಚಿಕೆಯ ವಿಷಯ, ನನಗೆ ಒಂಥರಾ ಸಮಾಧಾನವಾಗುತ್ತಿತ್ತು. ಅಲ್ಲೆಲ್ಲೋ ಇದ್ದಾರೆ ಎನ್ನಿಸುತ್ತಿತ್ತು. ಆಮೇಲೆ ವರ್ಷಗಳು ಕಳೆದು, ಹೋಗಲು ಮುಖವಿಲ್ಲದಂತಾಯಿತು. ಅವಳು ಕೇಳಲಿಲ್ಲವೆಂದು ಒಬ್ಬಟ್ಟು ಬೇಯಿಸಿದವಳು ನಾನು!

ತಟ್ಟೆ ತೊಳೆದೆ. ಎಲೆ ಅಡಿಕೆ, ಕಾಯಿ, ಉಪ್ಪು ಇಟ್ಟುಕೊಂಡು ಹೋದೆ. ದೇವೀರಿ ತಟ್ಟೆ ನೋಡಿ ಬಿಳಿಚಿಕೊಂಡಳು.

“ನಿಂಗಕ್ಕ, ನೀನ್ಯಾಕೆ ಇಳೀತೀಯ? ನಲವತ್ತನಾಲ್ಕು ಕೆಜಿ ಇದ್ದವಳು!”

“ಇಳಿಸೋಕಲ್ಲ ಕಣೆ. ಹಳೇ ಮಾತೊಂದು ಉಳಿದಿತ್ತು. ನಮ್ಮ ಭಾರ ಹೊತ್ತೆ ದೇವಿ.”

ಅವಳು ತಟ್ಟೆ ಈಸಿಕೊಳ್ಳಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಹೆಂಗೆ ಕೇಳ್ಲಿ ಅಕ್ಕ ನಾನು? ಜಾಗ ಇದ್ಯಾ ಅಂತ ನಿನ್ನ ಬಾಗಿಲಿಗೆ ಬಂದ್ರೆ, ನಿನ್ನ ಗಂಡನ್ನ ವಾಪಸ್ ತಗೋ ಅಂದಂಗೆ ಆಗಲ್ವಾ? ಬಾಯಿ ಬರಲಿಲ್ಲ. ಕಳ್ಳತನದಲ್ಲಿ ಒಂದೊಂದೇ ಕೆಜಿ ಕಳಿಸೋಣ, ಗೊತ್ತಾಗಲ್ಲ ಅಂದ್ಕೊಂಡೆ,” ಎಂದಳು.

“ಹುರಿಗಡಲೆ ಮೊದಲು ಬಂತಲ್ಲೇ, ಗೊತ್ತಾಗದೆ ಇರ್ತದಾ?”

ಅವಳ ಕಣ್ಣು ಅರಳಿತು. “ನಿನಗೂ ನಾಲ್ಕು ಗಂಟೆಗೇನಾ?”

“ನಾಲ್ಕಕ್ಕೆ ಸರಿಯಾಗಿ.”

“ಅಯ್ಯೋ ಅಕ್ಕ, ಒಂಬತ್ತು ವರ್ಷ ತಿಂದಿದ್ದೀನಿ! ಬೆಲ್ಲ ಇಲ್ಲದಿದ್ರೆ ಕಾಳಪ್ಪಣ್ಣ ಒಪ್ಪಲ್ಲ ಬೇರೆ. ಈಗ ಡಾಕ್ಟರಮ್ಮ ಬೆಲ್ಲ ಬಿಡು ಅಂತಾಳೆ, ಒಳಗೆ ಅಣ್ಣ ಕೊಡು ಅಂತಾರೆ. ನಾನು ಯಾರ ಮಾತು ಕೇಳ್ಲಿ?”

ಮೂಲೆಯಲ್ಲಿ ಡೋಲಿನ ಹಗ್ಗ ಬಿಗಿಯುತ್ತಿದ್ದ ಹೊಂಬಾಳಯ್ಯ ಆಗ ಬಾಯಿ ಹಾಕಿದ. “ಹುರಿಗಡಲೆ ಬಿಡಕ್ಕ. ಗೊರಕೆ ವಿಷಯ ಕೇಳು. ಇವಳು ಎಡಮಗ್ಗುಲಾದ್ರೆ ಸಾಕು, ಥೇಟ್ ಕಾಳಪ್ಪಣ್ಣನ ಗೊರಕೆ. ಮಧ್ಯೆ ಒಂದು ಸೀಟಿ ಬೇರೆ. ಮೊದಮೊದಲು ನಾನು ಎದ್ದು ಕೂತು ಅಣ್ಣಾ ಅಂತ ಕೈ ಮುಗೀತಿದ್ದೆ.”

ಮೂವರೂ ನಕ್ಕೆವು. ನಗುತ್ತ ನಗುತ್ತ ದೇವೀರಿ ಅತ್ತಳು, ನಾನೂ ಅತ್ತೆ. ಕೊನೆಗೆ ಅವಳು ಕೈ ಚಾಚಿ ತಟ್ಟೆ ಈಸಿಕೊಂಡಳು. ಈಸಿಕೊಂಡವಳು ಅದೇ ತಟ್ಟೆಯನ್ನು ನನ್ನ ಕಡೆ ತಿರುಗಿಸಿ ಹಿಡಿದು, ಸಣ್ಣ ದನಿಯಲ್ಲಿ, “ಜಾಗ ಇದ್ಯಾ ಅಕ್ಕ?” ಎಂದಳು.

“ಜಾಗ ಇದೆ ಕಣೆ. ಒಂಬತ್ತು ವರ್ಷದಿಂದ ಖಾಲಿ ಇದೆ.”

ಮಾರನೆಯ ದಿನವೇ ಕಾಗದದ ಮಡಿಕೆ ತಿರುಗಿಸಿ ಬಲಗಡೆಯ ಪಟ್ಟಿಯನ್ನು ಒಲೆಯ ಮೇಲೆ ಚುಚ್ಚಿದೆ. ದೇವೀರಿಯನ್ನು ಒಲೆಯ ಮುಂದೆ ಬಿಟ್ಟರೆ ಅಕ್ಕಿ ಡಬ್ಬಿಗೆ ಕೈ ಹಾಕುತ್ತಾಳೆಂದು ಅಡುಗೆಯೆಲ್ಲ ನಾನೇ ಮಾಡಿ ಕಳಿಸುತ್ತಿದ್ದೆ. ಹೂಕೋಸನ್ನು ತುರಿದು ಒಗ್ಗರಣೆ ಹಾಕಿ ಅನ್ನದ ಹಾಗೆ ಬಡಿಸಿದೆ. “ಇದು ಅನ್ನ ಅಂದ್ರೆ ಅನ್ನಕ್ಕೆ ಅವಮಾನ,” ಎಂದಳು. ಹೀರೇಕಾಯಿ, ಮೊಟ್ಟೆ, ಹರಿವೆ ಸೊಪ್ಪು, ಕೆರೆ ಮೀನು. ಮುದ್ದೆ ಇಲ್ಲದೆ ಮೀನು ಸಾರು ಕುಡಿಯುವುದು ಹೇಗೆಂದು ಅವಳು ಒಂದು ದಿನ ಬಟ್ಟಲು ಹಿಡಿದು ಅತ್ತೇಬಿಟ್ಟಳು. ಮುದ್ದೆಯಷ್ಟೇ ದಪ್ಪದ ಒಂದು ಕಲ್ಲು ತೊಳೆದು ತಟ್ಟೆಯಲ್ಲಿಟ್ಟೆ. ಅದನ್ನು ನೋಡಿಕೊಂಡು ಉಣ್ಣು ಎಂದೆ. ಬೈದಳು, ಆದರೆ ಉಂಡಳು. ಆಮೇಲೆ ದಿನವೂ ಕಲ್ಲು ಕೇಳುತ್ತಿದ್ದಳು.

ಮೂರು ವಾರಕ್ಕೆ ನಾನು ರವಿಕೆಗಳ ಹೊಲಿಗೆ ಬಿಚ್ಚಿದೆ. ಆರು ವಾರಕ್ಕೆ ಹೊಸದು ಹೊಲಿಸಿದೆ. ಸೊಂಟಕ್ಕೊಂದು ಸುತ್ತು ಬಂತು, ತೋಳಿಗೆ ತೂಕ ಬಂತು. ನೀರಿನ ಕೊಡವನ್ನು ಈಚೆ ಸೊಂಟದಿಂದ ಆಚೆ ಸೊಂಟಕ್ಕೆ ಬದಲಾಯಿಸುವ ನನ್ನವರ ಅಭ್ಯಾಸ ಯಾವಾಗಲೋ ನನ್ನದಾಗಿತ್ತು. ಒಂಬತ್ತನೆಯ ಕೆಜಿಗೆ ಗೊರಕೆ ಬಂತು. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಮಧ್ಯಾಹ್ನ ಒರಗಿದ್ದಾಗ ನನ್ನ ಸೀಟಿಗೆ ನಾನೇ ಎಚ್ಚರಗೊಂಡು, “ಸಾಕು, ಮಗ್ಗುಲಾಗ್ರೀ,” ಎಂದು ಪಕ್ಕಕ್ಕೆ ಕೈ ಹಾಕಿದೆ. ಪಕ್ಕ ಖಾಲಿಯಿತ್ತು. ನಾನೇ ಮಗ್ಗುಲಾದೆ.

ವಾರಕ್ಕೊಮ್ಮೆ ದೇವೀರಿಯನ್ನು ತೂಗಲು ಡಾಕ್ಟರ್ ಇಂಚರಾ ಮನೆಗೇ ತೂಕದ ಮಿಷನ್ನು ತರುತ್ತಿದ್ದಳು. ಒಂದು ದಿನ ನನ್ನನ್ನೂ ಹತ್ತಿಸಿದಳು. ಮುಳ್ಳು ನೋಡಿ ಹುಬ್ಬು ಗಂಟು ಹಾಕಿದಳು. “ಅಜ್ಜಿ, ಇದೇನು ಇಷ್ಟೊಂದು? ಏನು ತಿಂತಿದ್ದೀರಿ ನೀವು?”

“ಪಕ್ಕದ ಮನೆಯವಳು ತಿನ್ನದೆ ಬಿಟ್ಟಿದ್ದನ್ನ.”

“ಹಾಗಾದ್ರೆ ನೀವೂ ಕಾರ್ಬು ಬಿಡಬೇಕು.”

“ಬಿಡ್ತೀನಿ. ನಾನು ಬಿಟ್ರೆ ಅವಳಿಗೆ ಹೋಗುತ್ತೆ, ಪರವಾಗಿಲ್ವಾ?”

ಆಕೆ ನನ್ನ ಮುಖ, ದೇವೀರಿಯ ಮುಖ, ಆಮೇಲೆ ಗೋಡೆ ನೋಡಿದಳು. ಹೋಗುವಾಗ ಗೋಡೆಯನ್ನು ಬೆರಳಿನಿಂದ ಎರಡು ಸಲ ತಟ್ಟಿದಳು. ಆಕೆಯ ಮನೆಯೂ ಜೋಡಿಮನೆಯೇ. ಗೋಡೆಯಾಚೆ ಒಬ್ಬ ಪೈಲ್ವಾನ ಪಂದ್ಯಕ್ಕಾಗಿ ಮೈ ಇಳಿಸುತ್ತಿದ್ದ. ಮರುದಿನದಿಂದ ಆಕೆ ಒಲೆ ಹಚ್ಚದೆ ಬೆಳಗಿನ ಕಾಫಿಯನ್ನು ಹೋಟೆಲಿನಿಂದ ತರಿಸುತ್ತಾಳೆಂದು ಸುದ್ದಿ ಬಂತು.

ದೀಪಾವಳಿಗೆ ಮೂರು ದಿನ ಇದ್ದಾಗ ದೇವೀರಿ ಎಪ್ಪತ್ತೆರಡಕ್ಕೆ ಬಂದಳು, ನಾನು ಐವತ್ತೆಂಟಕ್ಕೆ. ಆಪರೇಷನ್ ಆಯಿತು. ಒಂದು ತಿಂಗಳು ಕೋಲು ಹಿಡಿದು ನಡೆದಳು, ಆಮೇಲೆ ಕೋಲನ್ನು ಹೊಂಬಾಳಯ್ಯ ಡೋಲಿಗೆ ಇಟ್ಟುಕೊಂಡ. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಅವರ ಮನೆಯ ಮುಂದೆ ನೆಟ್ಟಗೆ ಗೆರೆ ಎಳೆದ ರಂಗೋಲಿ. ಮಂಡಿ ಬಗ್ಗುವುದಿಲ್ಲವೆಂದು ಮೋಟು ಮಣೆಯ ಮೇಲೆ ಕೂತು ತಾನೇ ಹಾಕಿದ್ದಳು. ನೋಡಿಕೊಂಡು ಬಂದು ಮಂಚದ ಮೇಲೆ ಕೂತೆ. ಮಂಚ ಕಿರ್ರೆಂದಿತು, ಒಂಬತ್ತು ವರ್ಷದ ಮೇಲೆ ಮೊದಲ ಸಲ. ಎದ್ದು, ಇನ್ನೊಂದು ಸಲ ಕೂತೆ.

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಸಂಜೆ ನಾಲ್ಕಕ್ಕೆ ನಾನು ಹುರಿಗಡಲೆ ಡಬ್ಬಿ ತೆಗೆದು ಕೂತಿದ್ದಾಗ ದೇವೀರಿ ತನ್ನ ಕಾಲ ಮೇಲೆ ತಾನು ನಡೆದುಕೊಂಡು ಬಂದಳು. ಕೈಯಲ್ಲಿ ತಟ್ಟೆ. ಎಲೆ, ಅಡಿಕೆ, ಕಾಯಿ, ಉಪ್ಪು.

“ಇನ್ನೂ ಇಳೀತೀಯೇನೇ? ಗಾಳಿಗೆ ಹಾರಿಹೋಗ್ತೀಯ,” ಎಂದೆ.

“ಇಳಿಯೋಕಲ್ಲ ಅಕ್ಕ. ವಾಪಸ್ ಕೇಳೋಕೆ ಬಂದೆ.” ಅವಳಿಗೆ ನಾಚಿಕೆ. “ಒಂದೇ ಕೆಜಿ ಸಾಕು. ಆ ಒಂಬತ್ತನೇದು. ನಮ್ಮೆಜಮಾನ್ರಿಗೆ ನಿದ್ದೆ ಬರ್ತಿಲ್ಲ. ಮನೆ ಬಿಕೋ ಅಂತದೆ, ಸೀಟಿ ಕೇಳದೆ ಕಣ್ಣು ಮುಚ್ಚಲ್ಲ ಅಂತಾರೆ.”

ಊರು ಹುಟ್ಟಿದಂದಿನಿಂದ ಹೀಗೆ ತೂಕವನ್ನು ವಾಪಸು ಕೇಳಿಕೊಂಡು ಯಾರೂ ಯಾರ ಬಾಗಿಲಿಗೂ ಬಂದಿರಲಿಲ್ಲ. ನಾನು ಅವಳ ಮಂಡಿ ನೋಡಿದೆ. ಅವಳ ಬಾಯಿಗೆ ಎರಡು ಹುರಿಗಡಲೆ ಹಾಕಿದೆ, ಬೆಲ್ಲವಿಲ್ಲದೆ.

“ಕೊಡಲ್ಲ ಹೋಗೆ,” ಎಂದೆ. “ಏನು ಬೇಕಾದ್ರೂ ಕೇಳು, ಅದೊಂದು ಬಿಟ್ಟು.”

“ಹಂಗಾದ್ರೆ ಅವರೇನು ಮಾಡ್ಬೇಕು?”

“ಹಾಸಿಗೇನ ಗೋಡೆಗೆ ಒತ್ತಿ ಹಾಸ್ಕೊಳ್ಳಕ್ಕೆ ಹೇಳು. ದೀಪದ ಗೂಡಿನ ಹತ್ತಿರ ಬಿರುಕಿದೆ. ಚೆನ್ನಾಗಿ ಕೇಳಿಸ್ತದೆ.”

ಈಗ ಹೊಂಬಾಳಯ್ಯ ಬೆಳಗಿನ ಏಳು ಗಂಟೆಯವರೆಗೆ ಎಚ್ಚರವಿಲ್ಲದೆ ಮಲಗುತ್ತಾನಂತೆ. ಆ ತಟ್ಟೆಯನ್ನು ನಾನು ವಾಪಸು ಕೊಟ್ಟಿಲ್ಲ, ಕಾಯಿಯನ್ನು ಚಟ್ನಿಗೆ ಒಡೆದೆ. ಮಂಚವನ್ನು ಈ ಕಡೆಯಿಂದ ಗೋಡೆಗೆ ಒಂದು ಗೇಣು ಹತ್ತಿರ ಸರಿಸಿದ್ದೇನೆ. ಮಲಗುವಾಗ ಎಡಮಗ್ಗುಲಾಗಿಯೇ ಮಲಗುತ್ತೇನೆ.